ಸೀಲ್ ಹೊಸದು, ಲೀಕ್ ಹಳೇದು: ಕ್ರ್ಯಾಂಕ್‌ಕೇಸ್ ಒತ್ತಡದಿಂದ ಆಗುವ ಆಯಿಲ್ ಲೀಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಯಿಲ್ ಲೀಕ್ ಬಗ್ಗೆ ಕೇಳುವವರೆಲ್ಲ ಕೊನೆಗೆ ಒಂದೇ ಮಾತಿಗೆ ಬರುತ್ತಾರೆ: ಸೀಲ್ ಹಾಕಿಸಿದೆ, ದುಡ್ಡು ಕೊಟ್ಟೆ, ಮತ್ತೆ ಅದೇ ಜಾಗದಲ್ಲಿ ತೊಟ್ಟಿಕ್ಕುತ್ತಿದೆ. ಸುಮಾರು ಸಲ ಇಲ್ಲಿ ಸೀಲಿನ ತಪ್ಪೇನೂ ಇರುವುದಿಲ್ಲ. ಇಂಜಿನ್ ಒಳಗೆ ಗಾಳಿ ಕಟ್ಟಿಕೊಂಡು ಆಯಿಲನ್ನು ಹೊರಗೆ ತಳ್ಳುತ್ತಿರುತ್ತದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದಕ್ಕೆ ನೇರ ಹೋಗಿ.

## ಮೊದಲು ತಿಳಿಯಬೇಕಾದ್ದು

ಮೆಕ್ಯಾನಿಕ್ "ಬ್ಯಾಕ್ ಕಂಪ್ರೆಶನ್ ಬರ್ತಿದೆ" ಅಂದ್ರು. ಹಾಗಂದ್ರೆ ಏನು ಸರ್?

ಸಿಲಿಂಡರ್‌ನಲ್ಲಿ ಉರಿದ ಗ್ಯಾಸ್‌ ಎಲ್ಲವೂ ಸೈಲೆನ್ಸರ್‌ಗೆ ಹೋಗುವುದಿಲ್ಲ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ನುಸುಳಿ ಕೆಳಗೆ, ಕ್ರ್ಯಾಂಕ್ ತಿರುಗುವ ಜಾಗಕ್ಕೆ, ಅಂದರೆ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಇದು ಬ್ಲೋಬೈ. ಶೋರೂಮ್‌ನಿಂದ ಈಗಷ್ಟೇ ಬಂದ ಇಂಜಿನ್‌ನಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಹೀಗೆ ಇಳಿದ ಗ್ಯಾಸ್ ಹೊರಗೆ ಹೋಗಲಿ ಅಂತಲೇ ಬ್ರೀದರ್ ಪೈಪ್ ಕೊಟ್ಟಿರುತ್ತಾರೆ. ಇಳಿಯುವ ಗ್ಯಾಸ್ ತೀರಾ ಜಾಸ್ತಿಯಾದಾಗ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಶನ್ ಅನ್ನುತ್ತಾರೆ.

ಆದರೆ ಒಂದು ವಿಷಯ ಗಮನಿಸಿ. ಒಳಗೆ ಒತ್ತಡ ಏರುವುದಕ್ಕೆ ಎರಡು ದಾರಿ ಇದೆ. ಒಂದೋ ಒಳಗೆ ಬರುವ ಗ್ಯಾಸ್ ಜಾಸ್ತಿಯಾಗಿರಬೇಕು, ಇಲ್ಲ ಹೊರಗೆ ಹೋಗುವ ದಾರಿ ಕಟ್ಟಿರಬೇಕು. ಮೊದಲನೆಯದು ಇಂಜಿನ್ ಬಿಚ್ಚುವ ಖರ್ಚು. ಎರಡನೆಯದು ಹಲವು ಗಾಡಿಗಳಲ್ಲಿ ಒಂದು ಪೈಪ್ ತೊಳೆಯುವ ಕೆಲಸ. ಯಾವುದು ಅಂತ ನೋಡದೆ ಇಂಜಿನ್ ಕೆಲಸಕ್ಕೆ ಒಪ್ಪಿಕೊಳ್ಳಬೇಡಿ.

ಒಳಗೆ ಒತ್ತಡ ಎಷ್ಟಿರಬೇಕು? ಎಷ್ಟಾದ್ರೆ ಜಾಸ್ತಿ?

ಟೈರ್‌ಗೆ ಗಾಳಿ ಹಿಡಿದ ಲೆಕ್ಕದಲ್ಲಿ ಯೋಚಿಸಬೇಡಿ. ಇಲ್ಲಿ ಪಿಎಸ್‌ಐ ತುಂಬಾ ದೊಡ್ಡ ಅಳತೆ. ಇದನ್ನು ನೀರಿನ ಎತ್ತರದಲ್ಲಿ ಅಳೆಯುತ್ತಾರೆ, ಇಷ್ಟು ಮಿಲಿಮೀಟರ್ ನೀರು ಅಂತ. 1 ಪಿಎಸ್‌ಐ ಅಂದರೆ ಸುಮಾರು 700 ಮಿ.ಮೀ. ನೀರು. ಪಿಸಿವಿ ವಾಲ್ವ್ (ಬ್ಲೋಬೈ ಗ್ಯಾಸನ್ನು ಇಂಜಿನ್ ಗಾಳಿ ಎಳೆಯುವ ಕಡೆಗೆ ವಾಪಸ್ ಕಳಿಸುವ ವಾಲ್ವ್) ಇರುವ ಪೆಟ್ರೋಲ್ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಒತ್ತಡದ ಬದಲು ಸ್ವಲ್ಪ ಎಳೆತವೇ (ವ್ಯಾಕ್ಯೂಮ್) ಇರಬೇಕು. ತೆರೆದ ಬ್ರೀದರ್ ಇರುವ ಹಳೇ ಡೀಸೆಲ್‌ನಲ್ಲಿ ಅಲ್ಪಸ್ವಲ್ಪ ಒತ್ತಡ ಸಹಜ, ಅದರ ಮಿತಿ ಆ ಇಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಇಷ್ಟು ಕಡಿಮೆ ಒತ್ತಡ ಏನು ಮಾಡೀತು ಅನ್ನಿಸಬಹುದು. 500 ಮಿ.ಮೀ. ನೀರಿನ ಒತ್ತಡ ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ 50 ಗ್ರಾಂ ಭಾರ. 10 ಮಿ.ಮೀ. ಅಗಲದ ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡುವ ಕಡ್ಡಿ) ತೂತಿನ ಮೇಲೆ ಅದು ಹತ್ತಿರ ಹತ್ತಿರ 40 ಗ್ರಾಂ ತಳ್ಳುತ್ತದೆ. ರಬ್ಬರ್ ಸಡಿಲವಾದ ಡಿಪ್‌ಸ್ಟಿಕ್ ತಾನೇ ಮೇಲೆ ಎದ್ದು ಬರುವುದು ಹೀಗೆ. ಇನ್ನು ಗಟ್ಟಿಯಾಗಿ ಬಿರುಕು ಬಿಟ್ಟ ಟ್ಯಾಪೆಟ್ ಕವರ್ (ಇಂಜಿನ್ ತಲೆಯ ಮುಚ್ಚಳ) ಗ್ಯಾಸ್ಕೆಟ್‌ಗೆ ಅಷ್ಟೂ ಬೇಕಿಲ್ಲ.

ಆಯಿಲ್ ಪ್ರೆಶರ್ ಜಾಸ್ತಿ ಆಗಿರೋದಕ್ಕೇ ಲೀಕ್ ಅಂತ ಒಬ್ರು ಹೇಳಿದ್ರು. ಅದೇನಾ ಇದು?

ಅಲ್ಲ. ಆಯಿಲ್ ಪ್ರೆಶರ್ ಅನ್ನುವುದು ಪಂಪ್ ಆಯಿಲನ್ನು ಬೇರಿಂಗ್‌ಗಳಿಗೆ ತಳ್ಳುವ ಒತ್ತಡ, ಓಡುವಾಗ 2ರಿಂದ 5 ಬಾರ್ ಆಸುಪಾಸು. ಅದರಿಂದ ಆಗುವ ಲೀಕ್ ಬರುವುದು ಆಯಿಲ್ ಫಿಲ್ಟರ್ ರಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಟರ್ಬೊಗೆ ಹೋಗುವ ಪೈಪ್, ಇಂಥ ಕಡೆ. ಕ್ರ್ಯಾಂಕ್ ಸೀಲ್, ಕೆಳಗಿನ ಆಯಿಲ್ ಚೇಂಬರ್ ಗ್ಯಾಸ್ಕೆಟ್, ಟ್ಯಾಪೆಟ್ ಕವರ್ ಇವಕ್ಕೆ ಆ ಒತ್ತಡ ತಗಲುವುದೇ ಇಲ್ಲ. ಅಲ್ಲಿ ಆಯಿಲ್ ಸುಮ್ನೆ ಸಿಡಿದು ಇಳಿಯುತ್ತದೆ, ಅಷ್ಟೇ. ಅದನ್ನು ಹೊರಗೆ ತಳ್ಳುವುದಕ್ಕೆ ಗಾಳಿ ಬೇಕು.

ನನ್ನ ಗಾಡಿ ಲೀಕ್ ಒತ್ತಡದಿಂದಲೇ ಅಂತ ಹೇಗೆ ಗೊತ್ತಾಗುತ್ತೆ? ಸೀಲೇ ಹಾಳಾಗಿರಬಹುದು ಅಲ್ವಾ?

ಆಗಿರಬಹುದು. ಹತ್ತು ವರ್ಷ ಹಳೆಯ ರಬ್ಬರ್ ತನ್ನಷ್ಟಕ್ಕೇ ಗಟ್ಟಿಯಾಗಿ ಲೀಕ್ ಆಗುತ್ತದೆ, ಅದಕ್ಕೆ ಯಾವ ಒತ್ತಡವೂ ಬೇಡ. ಆದರೆ ಒತ್ತಡದ ಲೀಕ್‌ಗೆ ತನ್ನದೇ ಲಕ್ಷಣ ಇದೆ. ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಟ್ಯಾಪೆಟ್ ಕವರ್, ಮುಂದಿನ ಕ್ರ್ಯಾಂಕ್ ಸೀಲ್, ಡಿಪ್‌ಸ್ಟಿಕ್ ಬಾಯಿ, ಎಲ್ಲಾ ಕಡೆ ಒಟ್ಟಿಗೆ ಒದ್ದೆ. ಒಂದನ್ನು ಸರಿಮಾಡಿದರೆ ಕೆಲವೇ ವಾರದಲ್ಲಿ ಇನ್ನೊಂದು ಶುರು.

ಎರಡನೆಯದು, ಯಾವಾಗ ಲೀಕ್ ಆಗುತ್ತದೆ ಅನ್ನುವುದು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಕಲೆ ಕಂಡು, ಓಡಿಸುವಾಗ ಅಷ್ಟೇನೂ ಇಲ್ಲದಿದ್ದರೆ ಒತ್ತಡದ ಕಡೆ ಅನುಮಾನ ಕಡಿಮೆ. ಊರೊಳಗೆ ಸುಮ್ಮನಿದ್ದು, ಹೈವೇಯಲ್ಲಿ ಒಂದು ಗಂಟೆ ಓಡಿಸಿದ ಮೇಲೆ, ಇಲ್ಲ ಚಾರ್ಮಾಡಿ ಘಾಟಿಯನ್ನು ಲೋಡ್ ಸಮೇತ ಹತ್ತಿದ ಮೇಲೆ ಕೆಳಗೆಲ್ಲ ಎಣ್ಣೆಯಾಗಿದ್ದರೆ ಒತ್ತಡವನ್ನೇ ಮೊದಲು ನೋಡಿ. ಲೋಡ್ ಜಾಸ್ತಿಯಾದಷ್ಟೂ ರಿಂಗ್ ದಾಟಿ ಇಳಿಯುವ ಗ್ಯಾಸ್ ಜಾಸ್ತಿ.

ಏರ್ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್, ಇಂಟರ್‌ಕೂಲರ್ ಪೈಪ್‌ನಲ್ಲಿ ಜಿಡ್ಡು, ಡಿಪ್‌ಸ್ಟಿಕ್ ಆಗಾಗ ಎದ್ದು ನಿಂತಿರುವುದು, ಇವು ಜೊತೆಗೆ ಸಿಗುವ ಸಾಕ್ಷಿಗಳು. ಸರಿಯಾದ ಜಾಗ ಹುಡುಕಬೇಕಾದರೆ ಇಂಜಿನ್ ತೊಳೆದು, ಪೂರ್ತಿ ಒಣಗಿಸಿ, ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ ಒಂದು ರೌಂಡ್ ಓಡಿಸಿ ಬನ್ನಿ. ಗೆರೆ ಎಲ್ಲಿಂದ ಶುರುವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಅತಿ ಮೇಲಿನ, ಅತಿ ಮುಂದಿನ ಒದ್ದೆ ಜಾಗವೇ ಮೂಲ. ಓಡುವಾಗ ಗಾಳಿ ಎಲ್ಲವನ್ನೂ ಹಿಂದಕ್ಕೆ ಹರಡಿಬಿಡುತ್ತದೆ.

ಆಯಿಲ್ ಸ್ವಲ್ಪ ಜಾಸ್ತಿ ಹಾಕಿದ್ರೆ ಇದೇ ತರ ಆಗುತ್ತಾ?

ನೋಡಲು ಹೀಗೇ ಕಾಣುತ್ತದೆ. ಗುರುತಿಗಿಂತ ತುಂಬಾ ಮೇಲಿದ್ದರೆ ತಿರುಗುವ ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ. ಆ ನೊರೆ ಬ್ರೀದರ್‌ನಲ್ಲಿ ಹೊರಬರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಲೆವೆಲ್ ನೋಡಿ. ಎಲ್ಲಕ್ಕಿಂತ ಮೊದಲು ಇದನ್ನೇ ನೋಡಬೇಕು, ಖರ್ಚೇ ಇಲ್ಲವಲ್ಲ.

## ಮನೆಯಲ್ಲೇ ನೋಡಬಹುದಾದ್ದು

ಆಯಿಲ್ ಕ್ಯಾಪ್ ಬಿಚ್ಚಿ ಮೇಲೆ ಇಟ್ರೆ ಕುಣಿಯುತ್ತೆ, ಹೊಗೆನೂ ಬರುತ್ತೆ. ಇಂಜಿನ್ ಹೋಯ್ತಾ?

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರೆಲ್ಲ ಮಾಡುವ ಪರೀಕ್ಷೆ ಇದು. ಇದನ್ನು ನಂಬಿ ಒಳ್ಳೆಯ ಇಂಜಿನ್‌ಗಳನ್ನು ಬೇಡ ಅಂದವರು ಬೇಕಾದಷ್ಟಿದ್ದಾರೆ. ಲೆಕ್ಕ ಹಾಕಿ ನೋಡಿ. 4 ಸೆಂ.ಮೀ. ಅಗಲದ ಬಾಯಿ ಅಂದರೆ ಸುಮಾರು 12 ಚದರ ಸೆಂ.ಮೀ. ಪ್ಲಾಸ್ಟಿಕ್ ಮುಚ್ಚಳದ ತೂಕ 50 ಗ್ರಾಂ ಅಂದುಕೊಂಡರೆ, ಅದನ್ನು ಎತ್ತಲು 40 ಮಿ.ಮೀ. ನೀರಿನಷ್ಟು ಒತ್ತಡ ಸಾಕು. ಡೀಸೆಲ್‌ನಲ್ಲಿ ರಾಕರ್‌ಗಳ ಬಡಿತಕ್ಕೂ ಮುಚ್ಚಳ ಅಲುಗುತ್ತದೆ. ಹಾಗಾಗಿ ಮುಚ್ಚಳ ಸ್ವಲ್ಪ ಕುಣಿಯುವುದು ಏನನ್ನೂ ಸಾಬೀತು ಮಾಡುವುದಿಲ್ಲ.

ಮುಚ್ಚಳ ಹಾರಿ ಬಿದ್ದರೆ, ಬಿಸಿಯಾದ ಮೇಲೂ ರೈಲಿನ ಹಾಗೆ ಬಿಟ್ಟು ಬಿಟ್ಟು ಹೊಗೆ ಉಗುಳುತ್ತಿದ್ದರೆ ಮಾತ್ರ ಮುಂದಿನ ಪರೀಕ್ಷೆಗೆ ಹೋಗಿ. ಪೆಟ್ರೋಲ್ ಕಾರಿನಲ್ಲಿ ಕ್ಯಾಪ್ ತೆಗೆದ ಕೂಡಲೇ ಐಡ್ಲಿಂಗ್ ಏರುಪೇರಾದರೆ ಹೆದರಬೇಡಿ. ಪಿಸಿವಿ ಎಳೆಯುತ್ತಿದೆ ಅನ್ನುವ ಒಳ್ಳೆಯ ಸೂಚನೆ ಅದು.

ಒತ್ತಡ ಅಳೆಯೋ ಮೀಟರ್ ನಮ್ಮೂರ ಗ್ಯಾರೇಜ್‌ನಲ್ಲಿ ಇಲ್ಲ. ಬೇರೆ ದಾರಿ ಇದೆಯಾ?

ಇದೆ, ಮೀಟರ್‌ಗಿಂತ ನಂಬಿಕಸ್ಥ. ಮನೆ ಕಟ್ಟುವ ಮೇಸ್ತ್ರಿ ಹತ್ತಿರ ಇರುವ ಲೆವೆಲ್ ಪೈಪ್ ತರಿಸಿ. ಪಾರದರ್ಶಕ ಪೈಪನ್ನು ಒಂದು ಹಲಗೆ ಮೇಲೆ ಯು ಆಕಾರಕ್ಕೆ ಕಟ್ಟಿ, ಎರಡೂ ಕಾಲು ಮೂರು ಅಡಿಯಾದರೂ ಎತ್ತರ ಇರಲಿ. ಅರ್ಧದಷ್ಟು ನೀರು ತುಂಬಿ, ಬೇಕಿದ್ದರೆ ಒಂದು ಹನಿ ಶಾಯಿ ಹಾಕಿ. ಒಂದು ತುದಿ ತೆರೆದಿರಲಿ. ಇನ್ನೊಂದು ತುದಿಯನ್ನು ಡಿಪ್‌ಸ್ಟಿಕ್ ತೆಗೆದ ಕೊಳವೆಗೆ ಗಾಳಿ ಹೋಗದಂತೆ ಸಿಕ್ಕಿಸಿ. ನಡುವೆ ಒಂದು ಖಾಲಿ ಬಾಟಲಿ ಜೋಡಿಸಿಕೊಳ್ಳಿ. ಎಳೆತ ಜೋರಿದ್ದರೆ ನೀರು ಆ ಬಾಟಲಿಗೆ ಬೀಳಲಿ, ಇಂಜಿನ್‌ಗೆ ಬೇಡ. ಕೆಲವು ಇಂಜಿನ್‌ಗಳಲ್ಲಿ ಡಿಪ್‌ಸ್ಟಿಕ್ ಕೊಳವೆಯ ತುದಿ ಆಯಿಲ್ ಒಳಗೇ ಮುಳುಗಿರುತ್ತದೆ, ಆಗ ಅಳತೆ ಸರಿ ಬರುವುದಿಲ್ಲ. ಹಾಗಿದ್ದರೆ ಒಂದು ಹಳೇ ಆಯಿಲ್ ಕ್ಯಾಪ್‌ಗೆ ತೂತು ಕೊರೆದು ನಿಪ್ಪಲ್ ಕೂರಿಸಿ ಅಲ್ಲಿಂದ ತೆಗೆದುಕೊಳ್ಳಿ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಬೇಕು. ಎರಡು ಕಾಲಿನ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಒಂದು ಕಡೆ 20 ಮಿ.ಮೀ. ಇಳಿದು ಇನ್ನೊಂದು ಕಡೆ 20 ಏರಿದರೆ 40 ಮಿ.ಮೀ. ಅಂತ ಲೆಕ್ಕ. ಐಡ್ಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂ ಹತ್ತಿರ ಒಮ್ಮೆ ಬರೆದುಕೊಳ್ಳಿ.

ಇನ್ನು ಮುಖ್ಯವಾದ ಹೆಜ್ಜೆ. ಬ್ರೀದರ್ ಪೈಪನ್ನು ಇಂಜಿನ್ ಬುಡದಲ್ಲೇ ಕಳಚಿ, ಆ ಬಾಯಿ ಪೂರ್ತಿ ತೆರೆದಿಟ್ಟು ಮತ್ತೆ ಅಳೆಯಿರಿ. ಒತ್ತಡ ಸೊನ್ನೆಗೆ ಇಳಿದರೆ ದೋಷ ಪೈಪ್, ವಾಲ್ವ್ ಕಡೆ. ಇಂಜಿನ್ ಬಹುಶಃ ಸರಿಯಿದೆ. ಅಷ್ಟು ದೊಡ್ಡ ಬಾಯಿ ತೆರೆದಿದ್ದರೂ ನೀರು ಮೇಲೇ ನಿಂತಿದ್ದರೆ ಒಳಗೆ ಬರುವ ಗ್ಯಾಸೇ ಜಾಸ್ತಿ, ಇಲ್ಲವೇ ಟ್ಯಾಪೆಟ್ ಕವರ್ ಒಳಗೆ ಆಯಿಲ್ ಹನಿಗಳನ್ನು ತಡೆಯುವ ತಗಡು (ತಡೆ ತಗಡು) ಜಿಡ್ಡಿನಿಂದ ಕಟ್ಟಿದೆ. ಈ ಒಂದು ಹೋಲಿಕೆ ನನ್ನ ಪ್ರಕಾರ ಉಳಿದೆಲ್ಲ ಪರೀಕ್ಷೆಗಿಂತ ಬೆಲೆಬಾಳುವಂಥದ್ದು.

ಪಿಸಿವಿ ವಾಲ್ವ್ ಕೆಲಸ ಮಾಡ್ತಿದೆಯಾ ಅಂತ ನೋಡೋದು ಹೇಗೆ?

ಪೆಟ್ರೋಲ್ ಇಂಜಿನ್‌ನಲ್ಲಿ ಟ್ಯಾಪೆಟ್ ಕವರ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹೋಗುವ ಪೈಪ್ ಹಿಡಿದು ಹೊರಡಿ, ಅದರ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ವಾಲ್ವ್ ಸಿಗುತ್ತದೆ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದನ್ನು ಕವರ್‌ನಿಂದ ಕಿತ್ತು ಬಾಯಿಗೆ ಬೆರಳು ಇಡಿ. ಎಳೆಯಬೇಕು. ಎಳೆಯದಿದ್ದರೆ ವಾಲ್ವ್ ಇಲ್ಲ ಪೈಪ್ ಕಟ್ಟಿದೆ. ಬಿಡಿಸಿಟ್ಟು ಅಲ್ಲಾಡಿಸಿದರೆ ಮಾಮೂಲಿ ವಾಲ್ವ್ ಟಕಟಕ ಅನ್ನುತ್ತದೆ. ಪೈಪನ್ನೂ ಹಿಸುಕಿ ನೋಡಿ. ಹೊರಗಿನಿಂದ ಚೆನ್ನಾಗಿ ಕಂಡು, ಬಿಸಿಯಾದಾಗ ಮೆತ್ತಗಾಗಿ ಒಳಗೇ ಅಂಟಿಕೊಳ್ಳುವ ಪೈಪ್‌ಗಳಿವೆ. ಅಂಗಡಿಯಲ್ಲಿ ಸಿಕ್ಕಿದ ನೀರಿನ ರಬ್ಬರ್ ಪೈಪ್ ಹಾಕಿದ್ದರಂತೂ ಆಯಿಲ್ ಹಬೆಗೆ ಅದು ಊದಿಕೊಂಡು ಒಳಗಿನ ತೂತೇ ಮುಚ್ಚಿಹೋಗುತ್ತದೆ. ಆಯಿಲ್ ತಡೆಯುವ ಪೈಪೇ ಹಾಕಿಸಿ.

ಇದಕ್ಕೊಂದು ಇತಿಹಾಸವೂ ಇದೆ. ಮೊದಲೆಲ್ಲ ಈ ಗ್ಯಾಸನ್ನು ಒಂದು ಕೊಳವೆಯಲ್ಲಿ ರಸ್ತೆಗೆ ಬಿಡುತ್ತಿದ್ದರು. ಹೊಗೆಮಂಜಿನ ಕಾಟ ತಡೆಯಲು ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಂದ ಪಿಸಿವಿ ಬಂತು, 1963ರ ಹೊತ್ತಿಗೆ ಅಮೆರಿಕದ ಕಾರುಗಳಿಗೆಲ್ಲ ಹರಡಿತು.

ಫುಲ್ ಆಕ್ಸಿಲರೇಟರ್‌ನಲ್ಲಿ ಮ್ಯಾನಿಫೋಲ್ಡ್ ಎಳೆತ ಬಹುತೇಕ ಇರುವುದಿಲ್ಲ. ಆಗ ಗ್ಯಾಸ್ ಇನ್ನೊಂದು ಪೈಪ್ ಹಿಡಿದು ಏರ್ ಫಿಲ್ಟರ್ ಕಡೆಗೆ ಹೋಗುತ್ತದೆ. ಪಿಸಿವಿ ಸರಿಯಿದ್ದೂ ಫಿಲ್ಟರ್ ಡಬ್ಬಿ ಎಣ್ಣೆಯಾಗಿದ್ದರೆ ಬ್ಲೋಬೈ ಕಡೆ ನೋಡಿ.

ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ಒಳಗೆ ಬೆಣ್ಣೆ ತರ ಬಿಳಿ ಕಟ್ಟುತ್ತೆ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಚೂರು ಬ್ಲೋಬೈ ಜೊತೆ ಒಳಗಿಳಿಯುತ್ತದೆ. ಸಾಗರ, ತೀರ್ಥಹಳ್ಳಿ ಕಡೆ ಜುಲೈನಲ್ಲಿ ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿಸಿದರೆ ಇಂಜಿನ್ ಬಿಸಿಯಾಗುವುದೇ ಇಲ್ಲ, ಆ ನೀರು ಆಯಿಲ್ ಜೊತೆ ಸೇರಿ ಬೆಣ್ಣೆಯಾಗುತ್ತದೆ. ರೇಡಿಯೇಟರ್ ನೀರು ಕಡಿಮೆಯಾಗುತ್ತಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬಣ್ಣ ಸರಿಯಿದೆ ಅಂದರೆ ಗ್ಯಾಸ್ಕೆಟ್ ಸರಿಯಿದೆ. ಆದರೆ ಅದೇ ಬೆಣ್ಣೆ ಬ್ರೀದರ್ ಪೈಪ್‌ನಲ್ಲೂ ಕಟ್ಟುತ್ತದೆ, ಅದು ತಲೆನೋವು. ವಾರಕ್ಕೊಮ್ಮೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಮಳೆಗಾಲ ಮುಗಿದಾಗ ಪೈಪ್ ಬಿಚ್ಚಿ ತೊಳೆಯಿರಿ.

## ಬುಲೆಟ್, ಟ್ರ್ಯಾಕ್ಟರ್, ಪಂಪ್‌ಸೆಟ್

ಅಣ್ಣ, ಹಳೇ ಬುಲೆಟ್ ಅಂದ್ಮೇಲೆ ಆಯಿಲ್ ಲೀಕ್ ಇದ್ದೇ ಇರುತ್ತೆ ಅಂತಾರೆ. ಸುಮ್ನೆ ಬಿಟ್ಬಿಡ್ಲಾ?

ಬಿಡಬೇಡಿ. ಹಳೇ ಕಾಸ್ಟ್ ಐರನ್ 350 ಬುಲೆಟ್‌ನಲ್ಲಿ ಇರುವುದು 346 ಸಿಸಿಯ ಒಂದೇ ಪಿಸ್ಟನ್. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಎರಡು ಇಳಿದರೆ ಎರಡು ಏರುತ್ತವೆ, ಒಳಗಿನ ಗಾಳಿ ಸರಿದೂಗುತ್ತದೆ. ಬುಲೆಟ್‌ನಲ್ಲಿ ಪಿಸ್ಟನ್ ಇಳಿದಾಗಲೆಲ್ಲ ಅಷ್ಟೂ ಗಾಳಿ ಒಳಗೆ ಒತ್ತಿಕೊಳ್ಳುತ್ತದೆ. ಅದಕ್ಕೇ ಬ್ರೀದರ್‌ನಲ್ಲಿ ಬಾತುಕೋಳಿ ಕೊಕ್ಕಿನ ಆಕಾರದ ರಬ್ಬರ್ ವಾಲ್ವ್ ಇದೆ, ಗಾಳಿ ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಹೀಗಾಗಿ ಓಡುವಾಗ ಒಳಗೆ ಸ್ವಲ್ಪ ಎಳೆತ ಉಳಿಯುತ್ತದೆ. ಆ ರಬ್ಬರ್ ಗಟ್ಟಿಯಾದರೆ ತುಟಿ ಮುಚ್ಚುವುದಿಲ್ಲ, ಅಂಟಿಕೊಂಡರೆ ತೆರೆಯುವುದಿಲ್ಲ, ಎರಡೂ ಕೆಟ್ಟದ್ದೇ. ಆಮೇಲೆ ಟ್ಯಾಪೆಟ್ ಕವರ್, ರಾಕರ್ ಕವರ್ ಒದ್ದೆ. ಎಡಗಡೆ ಕ್ರ್ಯಾಂಕ್ ಸೀಲ್ ದಾಟಿ ಆಯಿಲ್ ಪ್ರೈಮರಿ ಚೈನ್ ಕೇಸ್‌ಗೆ ಹೋಗುತ್ತದೆ. ಚೈನ್ ಕೇಸ್ ಆಯಿಲ್ ತಾನೇ ಜಾಸ್ತಿ ಆಗುತ್ತಿದ್ದರೆ ಅದು ಅಲ್ಲಿಂದಲೇ. ವಾಲ್ವ್ ಅಗ್ಗ, ಮೊದಲು ಅದನ್ನು ಬದಲಾಯಿಸಿ.

ಇನ್ನೊಂದು ಬೇರೆ ಕಾಯಿಲೆ ಇದೆ, ಇದರ ಜೊತೆ ಬೆರೆಸಬೇಡಿ. ವಾರಗಟ್ಟಲೆ ನಿಲ್ಲಿಸಿದಾಗ ಆಯಿಲ್ ಪಂಪ್ ಮೂಲಕ ನಿಧಾನ ಇಳಿದು ಕ್ರ್ಯಾಂಕ್ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಬ್ರೀದರ್‌ನಿಂದ ಭಕ್ ಅಂತ ಉಗುಳಿ, ಸ್ವಲ್ಪ ಹೊತ್ತು ಹೊಗೆ ಬಿಟ್ಟು ಸರಿಹೋಗುತ್ತದೆ. ಅದು ಪಂಪ್ ಕಡೆಯ ವಿಷಯ.

ಗದ್ದೆ ಕೆಲಸ ಮುಗಿಸಿದ ಮೇಲೆ ಟ್ರ್ಯಾಕ್ಟರ್ ಎಲ್ಲಾ ಕಡೆಯಿಂದ ಆಯಿಲ್ ಬಿಡ್ತಿದೆ. ಅಲ್ಲೀವರೆಗೆ ಚೆನ್ನಾಗೇ ಇತ್ತು.

ಇಂಜಿನ್ ಪಕ್ಕದಿಂದ ಕೆಳಕ್ಕೆ ಇಳಿಬಿಟ್ಟ ಬ್ರೀದರ್ ಪೈಪಿನ ತುದಿ ನೋಡಿ. ಕೇಜ್ ವೀಲ್ ಹಾಕಿ ಕೆಸರು ಹೊಡೆಯುವಾಗ ಮಣ್ಣು ಎರಚಿ ಆ ತುದಿಗೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಕಲ್ಲು. ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರ್‌ನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ತಂತಿ ಹಾಕಿ ಒಳಕ್ಕೆ ತಳ್ಳಬೇಡಿ. ಪೈಪ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಊದಿ, ಒಣಗಿಸಿ ಹಾಕಿ. ಆಮೇಲೆ ಒಂದು ದಿನ ಕೆಲಸ ಮಾಡಿಸಿ ನೋಡಿ, ಅಷ್ಟರಲ್ಲೇ ಲೀಕ್ ನಿಲ್ಲುವ ಸಾಧ್ಯತೆ ಇದೆ.

ಹಿಟ್ಟಿನ ಗಿರಣಿಯ ಹಳೇ ಡೀಸೆಲ್ ಇಂಜಿನ್, ಫ್ಲೈವೀಲ್ ಪಕ್ಕ ಆಯಿಲ್ ಜಿನುಗುತ್ತೆ. ಬೇರಿಂಗಾ?

ಲಿಸ್ಟರ್ ಮಾದರಿಯ ನಿಧಾನ ಓಡುವ ಇಂಜಿನ್ ಆದರೆ ಬ್ರೀದರ್ ನೋಡಿ. ಒಳಗೆ ತೆಳು ಬಿಲ್ಲೆಯ ಒಮ್ಮುಖ ವಾಲ್ವ್ ಇರುತ್ತದೆ. ಅದು ಒಳಗೆ ಎಳೆತ ಉಳಿಸುವುದರಿಂದಲೇ ಕ್ರ್ಯಾಂಕ್ ಎರಡು ತುದಿಯಲ್ಲಿ ಆಯಿಲ್ ಹೊರಗೆ ಬರುವುದಿಲ್ಲ. ಓಡುವಾಗ ಬ್ರೀದರ್ ಹತ್ತಿರ ತೆಳು ಕಾಗದ ಹಿಡಿಯಿರಿ. ಹೊರಗೆ ಮಾತ್ರ ಊದಬೇಕು. ಊದಿ ಎಳೆದು ಮಾಡುತ್ತಿದ್ದರೆ ಬಿಲ್ಲೆ ಕೂರುತ್ತಿಲ್ಲ, ಇಲ್ಲ ತಿರುಗುಮುರುಗಾಗಿ ಕೂರಿಸಿದ್ದಾರೆ.

## ಸ್ವಲ್ಪ ಆಳಕ್ಕೆ

ಬ್ರೀದರ್ ಕ್ಲೀನ್, ಕಂಪ್ರೆಶನ್ ಚೆನ್ನಾಗಿದೆ, ಆದ್ರೂ ಒತ್ತಡ ಇದೆ. ಎಲ್ಲಿಂದ ಬರ್ತಿದೆ?

ಇಲ್ಲಿ ತುಂಬಾ ಜನ ಎಡವುತ್ತಾರೆ. ಕ್ರ್ಯಾಂಕ್‌ಕೇಸ್‌ಗೆ ಗಾಳಿ ರಿಂಗ್ ಮೂಲಕ ಮಾತ್ರ ಬರುವುದಿಲ್ಲ.

ಡೀಸೆಲ್ ಜೀಪು, ಕಾರುಗಳಲ್ಲಿ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಪಂಪ್ ಇರುತ್ತದೆ, ಕೆಲವದರಲ್ಲಿ ಆಲ್ಟರ್ನೇಟರ್ ಹಿಂದೆಯೇ. ಅದು ಬೂಸ್ಟರ್‌ನಿಂದ ಎಳೆದ ಗಾಳಿಯನ್ನು ಆಯಿಲ್ ಜೊತೆ ಇಂಜಿನ್ ಒಳಗೇ ಬಿಡುತ್ತದೆ. ಬೂಸ್ಟರ್ ಡಯಾಫ್ರಮ್ ಹರಿದಿದ್ದರೆ, ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೆ ಪಂಪ್ ನಿಲ್ಲದೆ ಹೊರಗಿನ ಗಾಳಿಯನ್ನು ಒಳಗೆ ತುಂಬುತ್ತಾ ಇರುತ್ತದೆ. ಆಯಿಲ್ ಲೀಕ್‌ಗೆ ಬ್ರೇಕ್ ಪೈಪ್ ಕಾರಣ ಅಂದರೆ ಯಾರೂ ನಂಬುವುದಿಲ್ಲ, ಆದರೆ ಕಾರಣ ಅದೇ ಇರುತ್ತದೆ. ಮೇಲೆ ಹೇಳಿದ ಯು ಆಕಾರದ ನೀರಿನ ಪೈಪ್ ಕಟ್ಟಿಕೊಂಡು, ಪಂಪಿನ ಎಳೆಯುವ ಬಾಯಿಯನ್ನು ಮುಚ್ಚಿ ನೋಡಿ. ಒತ್ತಡ ಇಳಿದರೆ ಕಳ್ಳ ಸಿಕ್ಕ. ಇದನ್ನು ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಾತ್ರ ಮಾಡಿ, ಆಗ ಬೂಸ್ಟರ್ ಸಹಾಯ ಸಿಗದೆ ಬ್ರೇಕ್ ಪೆಡಲ್ ಗಟ್ಟಿಯಾಗಿ, ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಏರ್ ಬ್ರೇಕ್ ಇರುವ ಲಾರಿ, ಬಸ್ಸಿನಲ್ಲಿ ಏರ್ ಕಂಪ್ರೆಸರ್ ರಿಂಗ್ ಸವೆದರೆ ಅದರ ಗಾಳಿ ಆಯಿಲ್ ಇಳಿಯುವ ದಾರಿಯಲ್ಲಿ ಇಂಜಿನ್‌ಗೆ ಬರುತ್ತದೆ. ಟ್ಯಾಂಕ್ ತುಂಬುವಾಗ ಒತ್ತಡ ಇದ್ದು, ತುಂಬಿ ಕಟ್ ಆಫ್ ಆದ ಕೂಡಲೇ ಇಳಿದರೆ ಕಂಪ್ರೆಸರ್ ಬಿಚ್ಚಿಸಿ.

ಟರ್ಬೊ ಸೀಲ್ ಸವೆದಿದ್ದರೆ ಬೂಸ್ಟ್ ಏರಿದಾಗ ಮಾತ್ರ ಒತ್ತಡ ಜಿಗಿಯುತ್ತದೆ. ಆದರೆ ಇದರ ಉಲ್ಟಾ ಕೂಡ ಆಗುತ್ತದೆ. ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೇ ಕೆಳಗಿಳಿಯಬೇಕು. ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಇದ್ದರೆ ಇಳಿಯಲಾಗದೆ ಟರ್ಬೊ ಸೀಲ್ ದಾಟಿ ಇಂಟರ್‌ಕೂಲರ್‌ಗೆ ಹೋಗುತ್ತದೆ. ಒಳ್ಳೆಯ ಟರ್ಬೊ ಕಿತ್ತು ಹೊಸದು ಹಾಕಿಸಿ, ಹೊಸದೂ ಲೀಕ್ ಅನ್ನುವ ಕಥೆಗಳ ಹಿಂದೆ ಇದೇ ಇರುತ್ತದೆ.

ಕಂಪ್ರೆಶನ್ ಟೆಸ್ಟ್ ಸಾಕಾ, ಲೀಕ್ ಡೌನ್ ಟೆಸ್ಟ್ ಬೇಕಾ?

ಕಂಪ್ರೆಶನ್ ಗೇಜ್ ನಂಬರ್ ಕೊಡುತ್ತದೆ, ಜಾಗ ಹೇಳುವುದಿಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ, ಡೀಸೆಲ್‌ನಲ್ಲಿ 350ರಿಂದ 450. ಇದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಪೆಟ್ರೋಲ್‌ನಲ್ಲಿ ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದರೆ ರಿಂಗ್. ಡೀಸೆಲ್‌ನಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ತುಂಬಾ ಕಡಿಮೆ.

ಲೀಕ್ ಡೌನ್ ಟೆಸ್ಟ್‌ನಲ್ಲಿ ಎರಡೂ ವಾಲ್ವ್ ಮುಚ್ಚಿರುವಾಗ ಪಿಸ್ಟನನ್ನು ಅತಿ ಮೇಲಿನ ತುದಿಯಲ್ಲಿ ನಿಲ್ಲಿಸಿ ಸಿಲಿಂಡರ್‌ಗೆ ಗಾಳಿ ಕೊಡುತ್ತಾರೆ. ಆಮೇಲೆ ಕಿವಿಯ ಕೆಲಸ. ಆಯಿಲ್ ಬಾಯಿಯಲ್ಲಿ ಸುಸ್ ಅಂದರೆ ರಿಂಗ್ ಅಥವಾ ಪಿಸ್ಟನ್. ಸೈಲೆನ್ಸರ್‌ನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಅಂದರೆ ಇನ್‌ಟೇಕ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಇದನ್ನೇ ಮಾಡಿಸಿ.

ರಿಂಗ್ ಸವೆದಿದೆ ಅಂತ ಗೊತ್ತಾದರೆ ಯಾಕೆ ಸವೆಯಿತು ಅಂತಲೂ ನೋಡಿ. ಏರ್ ಫಿಲ್ಟರ್ ದಾಟಿದ ಮೇಲಿನ ಪೈಪ್ ಒಳಗೆ ಬೆರಳಾಡಿಸಿ. ಸಂಡೂರು ಕಡೆ ಗಣಿ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಕೈಗೆ ಕೆಂಪು ಧೂಳು ಬಂದರೆ ಕ್ಲಿಪ್ ಎಲ್ಲೋ ಸಡಿಲವಾಗಿದೆ. ಅದು ಹಾಗೇ ಇದ್ದರೆ ಹೊಸ ರಿಂಗೂ ಉಳಿಯುವುದಿಲ್ಲ.

ಈಗಷ್ಟೇ ಇಂಜಿನ್ ಮಾಡಿಸಿದ್ದು, ಬೋರ್ ಪಿಸ್ಟನ್ ಎಲ್ಲಾ ಹೊಸದು. ಆದ್ರೂ ಮೊದಲಿಗಿಂತ ಜಾಸ್ತಿ ಹೊಗೆ, ಲೀಕ್. ಯಾಕೆ?

ಮೊದಲ ಕೆಲವು ನೂರು ಕಿಲೋಮೀಟರ್ ರಿಂಗ್ ಕೂರುವವರೆಗೆ ಸ್ವಲ್ಪ ಜಾಸ್ತಿ ಬ್ಲೋಬೈ ಇರುತ್ತದೆ. ಅದಾದ ಮೇಲೂ ಕಡಿಮೆಯಾಗದಿದ್ದರೆ ರಿಂಗ್ ತಲೆಕೆಳಗಾಗಿ ಹಾಕಿರಬಹುದು, ರಿಂಗ್ ಬಾಯಿಗಳು ಒಂದೇ ಗೆರೆಯಲ್ಲಿ ಬಂದಿರಬಹುದು, ಬೋರ್ ಒಳಗೆ ಉಜ್ಜಿ ಮೂಡಿಸುವ ಹೋನಿಂಗ್ ಗೆರೆ ಸರಿಯಿಲ್ಲದಿರಬಹುದು. ಹೊಸ ಇಂಜಿನ್ ಅಂತ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡುವುದೂ ತಪ್ಪು, ಬೋರ್ ಕನ್ನಡಿಯಂತಾಗಿ ರಿಂಗ್ ಕೂರುವುದೇ ಇಲ್ಲ. ಹದವಾದ ಲೋಡ್ ಕೊಟ್ಟು ಓಡಿಸಿ. ಟ್ಯಾಪೆಟ್ ಕವರ್ ತೊಳೆಯುವಾಗ ಒಳಗಿನ ತಡೆ ತಗಡು ವಾಪಸ್ ಹಾಕಲು ಮರೆತಿದ್ದಾರಾ ಅಂತಲೂ ಕೇಳಿ. ಅದಿಲ್ಲದಿದ್ದರೆ ಆಯಿಲ್ ಹನಿಗಳು ನೇರ ಬ್ರೀದರ್‌ಗೆ ಹೋಗುತ್ತವೆ.

ಬ್ರೀದರ್ ಪೈಪ್ ಕತ್ತರಿಸಿ ಕೆಳಗೆ ಬಿಟ್ಟುಬಿಡಿ ಅಂತಾರೆ. ಮಾಡಬಹುದಾ?

ಪರೀಕ್ಷೆಗೆ ಐದು ನಿಮಿಷ ಸರಿ, ಶಾಶ್ವತವಾಗಿ ಬೇಡ. ಈಗಿನ ಹೊಗೆ ನಿಯಮಗಳ ಪ್ರಕಾರ ತಯಾರಾದ ಕಾರಿನಲ್ಲಿ ಆ ಗ್ಯಾಸ್ ವಾಪಸ್ ಇಂಜಿನ್‌ಗೇ ಹೋಗಿ ಉರಿಯಬೇಕು. ಇನ್‌ಟೇಕ್ ಕಡೆಯ ತೂತು ಮುಚ್ಚದೆ ಬಿಟ್ಟರಂತೂ ಫಿಲ್ಟರ್ ಇಲ್ಲದ ಧೂಳು ನೇರ ಒಳಗೆ.

ಪೈಪ್‌ನಲ್ಲಿ ಆಯಿಲ್ ಬಂದು ಡೀಸೆಲ್ ಇಂಜಿನ್ ತಾನೇ ರೇಸ್ ಆಗುತ್ತೆ ಅಂತ ಕೇಳಿದೆ. ನಿಜಾನಾ?

ನಿಜ, ಮತ್ತು ಅಪಾಯ. ಬ್ರೀದರ್‌ನಿಂದ ಬಂದ ಆಯಿಲನ್ನೇ ಇಂಜಿನ್ ಇಂಧನ ಮಾಡಿಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಗೇರ್ ಗಾಡಿಯಾದರೆ ಕ್ಲಚ್ ಒತ್ತಿ ಟಾಪ್ ಗೇರ್‌ಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ಬಿಟ್ಟು ಆಫ್ ಮಾಡಿಸಿ. ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಇಡಬೇಡಿ. ಆಗದಿದ್ದರೆ ಇಳಿದು ದೂರ ಹೋಗಿ, ಇಂಜಿನ್ ಹೋದರೆ ಹೋಗಲಿ.

ನಂದು ಉಲ್ಟಾ: ಆಯಿಲ್ ಕ್ಯಾಪ್ ತೆಗೆಯೋಕೇ ಆಗಲ್ಲ, ಒಳಗೆ ಎಳೆದು ಹಿಡಿದಿರುತ್ತೆ, ಶಿಳ್ಳೆ ಸದ್ದು ಬೇರೆ.

ಕೆಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಎಳೆತವನ್ನು ಹದ್ದಿನಲ್ಲಿಡುವ ರಬ್ಬರ್ ಡಯಾಫ್ರಮ್ ಇರುತ್ತದೆ. ಅದು ಹರಿದರೆ ಮ್ಯಾನಿಫೋಲ್ಡ್‌ನ ಪೂರ್ತಿ ಎಳೆತ ಕ್ರ್ಯಾಂಕ್‌ಕೇಸ್‌ಗೆ ಸಿಗುತ್ತದೆ. ಹೊರಗಿನ ಗಾಳಿ ಕ್ರ್ಯಾಂಕ್ ಸೀಲಿನ ತುಟಿ ದಾಟಿ ಒಳಗೆ ನುಗ್ಗುವಾಗ ಶಿಳ್ಳೆ. ಹೀಗೇ ಓಡಿಸಿದರೆ ಸೀಲೂ ಹಾಳು. ಡಯಾಫ್ರಮ್ ಇರುವ ಬ್ರೀದರ್ ಜೋಡಣೆ ಬದಲಾಯಿಸಿ.

ನಾನಿರೋದು ಕೆನಡಾದಲ್ಲಿ. ಚಳಿಗಾಲದಲ್ಲಿ ಒಂದೇ ದಿನದಲ್ಲಿ ಹಿಂದಿನ ಸೀಲ್ ಹೊರಗೆ ಬಂತು. ಹೇಗೆ?

ಅಲ್ಲಿಯ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಲೋಬೈ ಜೊತೆ ಬಂದ ನೀರು ಬ್ರೀದರ್ ಪೈಪಿನೊಳಗೆ ಹೆಪ್ಪುಗಟ್ಟುತ್ತದೆ. ದಾರಿ ಪೂರ್ತಿ ಬಂದ್. ಹೈವೇಗೆ ಹೋದ ಕೂಡಲೇ ಒತ್ತಡ ಸೀಲನ್ನೇ ತಳ್ಳುತ್ತದೆ. ಗ್ಯಾರೇಜ್ ತಲುಪುವ ಹೊತ್ತಿಗೆ ಐಸ್ ಕರಗಿ ಸಾಕ್ಷಿಯೂ ಇರುವುದಿಲ್ಲ. ಸೀಲ್ ಜೊತೆ ಆ ಪೈಪನ್ನೂ ನೋಡಲು ಹೇಳಿ.

ಒತ್ತಡ ಸರಿ ಮಾಡಿದ್ರೆ ಲೀಕ್ ತಾನೇ ನಿಲ್ಲುತ್ತಾ, ಇಲ್ಲ ಸೀಲೂ ಹಾಕಿಸ್ಬೇಕಾ? ಅಲ್ಲೀವರೆಗೆ ಓಡಿಸ್ಬಹುದಾ?

ಮೊದಲು ಬ್ರೀದರ್ ಸರಿಮಾಡಿ, ಇಂಜಿನ್ ತೊಳೆದು, ಎರಡು ವಾರ ಓಡಿಸಿ ನೋಡಿ. ಗ್ಯಾಸ್ಕೆಟ್‌ಗಳು ಹಲವು ಸಲ ಸುಮ್ಮನಾಗುತ್ತವೆ. ಜಾಗ ಬಿಟ್ಟು ಸರಿದ ಅಥವಾ ತುಟಿ ಮಡಚಿದ ಸೀಲ್ ಸುಮ್ಮನಾಗುವುದಿಲ್ಲ, ಅದನ್ನು ಬದಲಾಯಿಸಲೇಬೇಕು. ಹಿಂದಿನ ಕ್ರ್ಯಾಂಕ್ ಸೀಲ್‌ಗೆ ಗೇರ್‌ಬಾಕ್ಸ್ ಇಳಿಸಬೇಕು, ಹಾಗಾಗಿ ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೆ ಅದನ್ನೂ ಆಗಲೇ ಮುಗಿಸಿ. ಹಳೇ ಸೀಲ್ ಉಜ್ಜಿದ ಜಾಗದಲ್ಲಿ ಶಾಫ್ಟ್ ಮೇಲೆ ಉಗುರಿಗೆ ಸಿಗುವಂಥ ಗೆರೆ ಬಿದ್ದಿದ್ದರೆ ಹೊಸ ಸೀಲನ್ನು ಒಂದೆರಡು ಮಿ.ಮೀ. ಸರಿಸಿ ಕೂರಿಸಲು ಆಗುತ್ತದಾ, ಇಲ್ಲ ತೆಳು ಸ್ಲೀವ್ ಹಾಕಬೇಕಾ ಅಂತ ಗೇರ್‌ಬಾಕ್ಸ್ ಕೆಳಗಿರುವಾಗಲೇ ಕೇಳಿ.

ಓಡಿಸುವ ಮಾತಿಗೆ ಬಂದರೆ, ಹನಿ ಲೆಕ್ಕದ ಲೀಕ್‌ಗೆ ದಿನಾ ಡಿಪ್‌ಸ್ಟಿಕ್ ನೋಡಿಕೊಂಡು ಓಡಿಸಬಹುದು. ಆಯಿಲ್ ಎಕ್ಸಾಸ್ಟ್ ಪೈಪ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ, ಕ್ಲಚ್ ಜಾರಲು ಶುರುವಾಗಿದ್ದರೆ, ಅಥವಾ ಆಯಿಲ್ ದೀಪ ಒಂದು ಸಲ ಮಿನುಗಿದರೂ ನಿಲ್ಲಿಸಿ, ಗಾಡಿಯನ್ನು ಎಳೆಸಿಕೊಂಡೇ ಹೋಗಿ.